ಚಂದ್ರ ಎದೆಯಲ್ಲಿದ್ದಾಗ ಬಿತ್ತಿದ ಬೀನ್ಸ್

೧

ಎಲ್ಲಿಂದ ಶುರುಮಾಡೋಣ? ಆಸ್ಪತ್ರೆಯಿಂದ ಶುರುವಾಗುವ ಒಂದು ಕರಡು ಇತ್ತು. ಮೊದಲ ಸಾಲಿನಲ್ಲೇ ಡೆನ್ಜಿಲ್‌ನ ಎದೆ ಸೀಳಿಬಿಟ್ಟಿದ್ದೆ. ಅವನ ಹೆಂಡತಿ ಐವಾ ಕೇಳಿಸಿಕೊಂಡು, "ಬಂದವನನ್ನ ಬಾಗಿಲಲ್ಲೇ ಕೊಯ್ದು ಮಲಗಿಸ್ತೀಯಲ್ಲ, ಮೊದಲು ಕೂರಿಸಿ ಒಂದು ಲೋಟ ಕಾಫಿ ಕೊಡೋದು ಗೊತ್ತಿಲ್ವಾ?" ಅಂದಳು. ಹರಿದು ಹಾಕಿದೆ.

ಹಾಗಾಗಿ ಮೇ ತಿಂಗಳಿಂದ. ವೆಸ್ಟ್ ವರ್ಜೀನಿಯಾದ ಗುಡ್ಡಗಳ ನಡುವೆ ನಮ್ಮ ಕಣಿವೆಯಲ್ಲಿ ಮಣ್ಣು ಬೆಚ್ಚಗಾಗುವ ಹೊತ್ತು. ಐವಾ ಈರುಳ್ಳಿ ಸಾಲಿನಲ್ಲಿ ಕಳೆ ಕೀಳುತ್ತಿದ್ದಾಳೆ. ಡೆನ್ಜಿಲ್ ಜಗಲಿಯ ಕುರ್ಚಿಯಲ್ಲಿ ಕೂತು, ಕಳೆ ಕೀಳುವುದು ಹೇಗೆಂದು ಅವಳಿಗೆ ಹೇಳಿಕೊಡುತ್ತಿದ್ದಾನೆ. ನಡುನಡುವೆ ಉಸಿರು ಕಟ್ಟುತ್ತದೆ. ಹೃದಯದ ಕವಾಟ ಕೆಟ್ಟಿದೆ. ನಾಳೆ ಆಪರೇಷನ್, ಇನ್ನು ತಡಮಾಡಿದರೆ ಕೈಮೀರುತ್ತದೆ ಅಂದಿದ್ದಾರೆ ಡಾಕ್ಟರು.

"ನಾಳೆ ನಾನು ಬರಲ್ಲ," ಅಂದ ಡೆನ್ಜಿಲ್. "ಚಂದ್ರ ಎದೆಯಲ್ಲಿದ್ದಾನೆ."

೨

(ಇಲ್ಲೊಂದು ಪ್ಯಾರಾ ವಿವರಣೆ ಬೇಕು. ಚಿಕ್ಕದು. ಆಮೇಲೆ ತೊಂದರೆ ಕೊಡುವುದಿಲ್ಲ.)

ನಮ್ಮಲ್ಲಿ ಚಂದ್ರ ತಿಂಗಳಿಗೊಮ್ಮೆ ಮನುಷ್ಯನ ಮೈಯೊಳಗೆ ಇಳಿದು ಬರುತ್ತಾನೆ. ಮೇಷದಲ್ಲಿದ್ದಾಗ ತಲೆ, ಮಿಥುನದಲ್ಲಿ ತೋಳು, ಸಿಂಹದಲ್ಲಿ ಎದೆ, ಹೀಗೆ ಪಾದದವರೆಗೆ. ಅವನಿರುವ ಕಡೆ ಕತ್ತಿ ಆಡಿಸಿದರೆ ರಕ್ತ ನಿಲ್ಲುವುದಿಲ್ಲ. ತೋಳಲ್ಲಿದ್ದಾಗ ಬಿತ್ತಿದ ಬೀನ್ಸ್ ಚಪ್ಪರ ಜಗ್ಗುವಷ್ಟು ಕಾಯಿ ಬಿಡುತ್ತದೆ. ಎದೆಯಲ್ಲಿದ್ದಾಗ ಬಿತ್ತಿದ್ದು ಮಣ್ಣಲ್ಲೇ ಕೊಳೆಯುತ್ತದೆ. ಭಾನುವಾರ ಚರ್ಚಿನಲ್ಲಿ ಕರ್ತನನ್ನು ಹಾಡಿ ಬಂದವರೇ ಸೋಮವಾರ ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರನನ್ನು ಹುಡುಕುತ್ತಾರೆ. "ಆಕಾಶಕ್ಕೆ ಆ ದೀಪ ತೂಗಿಹಾಕಿದವನೂ ಕರ್ತನೇ ಅಲ್ವಾ?" ಅಂತ ವಾದ. (ನನಗೂ ನಗು ಬರುತ್ತಿತ್ತು. ಈಗ ಹಲ್ಲು ಕೀಳಿಸುವ ಮುಂಚೆ ನಾನೂ ಕ್ಯಾಲೆಂಡರ್ ನೋಡುತ್ತೇನೆ.)

೩

ಬೇಲಿಯಾಚೆ ಮೋಜೆಲ್ ಇದ್ದಾಳೆ. ಕೂಸಿಗೆ ಹಾಲು ಬಿಡಿಸುವುದಿರಲಿ, ಬೇಲಿಗೆ ಗೂಟ ನೆಡುವುದಿರಲಿ, ಕಣಿವೆಯವರೆಲ್ಲ ಕೇಳುವುದು ಅವಳನ್ನೇ. ಐವಾ ಕಳೆ ಅಲ್ಲೇ ಬಿಟ್ಟು ಬೇಲಿಗೆ ಹೋದಳು.

"ನೀನೊಂದು ಮಾತು ಹೇಳಿದ್ರೆ ಅವನು ಹೊರಡ್ತಾನೆ."

"ಸುಳ್ಳು ಹೇಳು ಅಂತೀಯ."

"ಹೂಂ ಕಣೇ."

"ಅದೂ ಚಂದ್ರನ ವಿಷಯದಲ್ಲಿ."

ಐವಾ ಬೇಲಿಯ ತಂತಿ ಹಿಡಿದು ನಿಂತಳು. ಮೋಜೆಲ್ ಒಳಗೆ ಹೋದಳು.

ಹೊರಗೆ ಬಂದಾಗ ಕೈಯಲ್ಲಿ ಬೀಜದ ಡಬ್ಬಿ ಇತ್ತು. ಅವಳ ತಾಯಿಯ ಕಾಲದಿಂದ ಉಳಿಸಿಕೊಂಡು ಬಂದ ಬೀನ್ಸ್. ಡೆನ್ಜಿಲ್‌ನ ಜಗಲಿಗೆ ನೇರ ಎದುರಾಗಿ ಗೆರೆ ಎಳೆದು, ಬಗ್ಗಿ, ಬಿತ್ತತೊಡಗಿದಳು.

ಐವಾ ಗಾಬರಿಯಾಗಿ ಪಿಸುಗುಟ್ಟಿದಳು: "ಅಯ್ಯೋ, ಅದನ್ನ ಹಾಕ್ಬೇಡ ಕಣೇ! ಬದಲಿಗೆ ಸಣ್ಣ ಕಲ್ಲು ಹಾಕು ಸಾಕು."

"ನಿನ್ನ ಗಂಡನಿಗೆ ಕೆಟ್ಟಿರೋದು ಕವಾಟ. ಕಣ್ಣಲ್ಲ."

ಡಬ್ಬಿ ಬರಿದಾಯಿತು.

(ಮೋಜೆಲ್ ನನ್ನ ತೋಳು ಹಿಡಿಯುತ್ತಾಳೆ: "ನಾನು ಸುಳ್ಳು ಹೇಳ್ದೆ ಅಂತ ಬರೀಬೇಡ. ಬೀನ್ಸ್ ಬಿತ್ತಿದಳು ಅಂತ ಬರಿ. ನಡೆದದ್ದು ಅಷ್ಟೇ." ಬರೆದಿದ್ದೇನೆ.)

ಜಗಲಿಯ ಮೇಲೆ ಡೆನ್ಜಿಲ್ ಬಹಳ ಹೊತ್ತು ನೋಡಿದ. "ಮೋಜೆಲ್ ಬೀನ್ಸ್ ಹಾಕ್ತಿದ್ದಾಳೆ ಅಂದ್ರೆ ಚಂದ್ರ ಇನ್ನೂ ತೋಳಲ್ಲೇ ಇದ್ದಾನೆ," ಅಂದ. "ಈ ಕ್ಯಾಲೆಂಡರ್ ಪಕ್ಕದ ರಾಜ್ಯ ಓಹಾಯೋದಲ್ಲಿ ಅಚ್ಚಾದದ್ದು. ನಂಗೆ ಮೊದಲೇ ಅನುಮಾನ ಇತ್ತು. ಎಲ್ಲಿ ನನ್ನ ಒಳ್ಳೇ ಶರ್ಟು?"

೪

ಅವನು ಬದುಕಿದ. ಇದಕ್ಕೆ ಪರ್ಯಾಯ ಮುಕ್ತಾಯ ಕೊಡುವ ಧೈರ್ಯ ನನಗಿಲ್ಲ.

ಬೀನ್ಸಿಗೆ ಮಾತ್ರ ಕೊಟ್ಟು ನೋಡಿದೆ. ಒಂದು ಕರಡಿನಲ್ಲಿ ಸಾಲು ಸಾಲಾಗಿ ಹಬ್ಬಿ ಹೂ ಬಿಟ್ಟಿತು. ಮೋಜೆಲ್ ರೇಗಿದಳು: "ನನ್ನ ಹೊಲದಲ್ಲಿ ನೀನು ಕಾಯಿ ಬಿಡಿಸಬೇಡ. ಒಂದೂ ಮೇಲೇಳಲಿಲ್ಲ."

ಆ ವಾರ ತಣ್ಣನೆ ಮಳೆಯೂ ಹಿಡಿದಿತ್ತು. (ಯಾವುದನ್ನು ನಂಬುತ್ತೀರೋ ನಂಬಿ. ಮಣ್ಣು ಕೆದಕಿದಾಗ ಸಿಕ್ಕಿದ್ದು ಲೋಳೆ.)

೫

ಬೀಜ ಕೊಟ್ಟವರಿಗೆ ನಮ್ಮಲ್ಲಿ ಕೃತಜ್ಞತೆಯ ಮಾತು ಹೇಳುವಂತಿಲ್ಲ. ಹೇಳಿದರೆ ಮೊಳೆಯುವುದಿಲ್ಲ. ಐವಾ ಮದುವೆಯಾಗಿ ಬಂದ ವಸಂತದಲ್ಲಿ ಮೋಜೆಲ್ ಅದೇ ಬೀನ್ಸಿನ ಒಂದು ಹಿಡಿ ಕೊಟ್ಟಿದ್ದಳು. ಐವಾ ಬಾಯಿ ಬಿಗಿಹಿಡಿದು ಮಡಿಲಲ್ಲಿ ಕಟ್ಟಿಕೊಂಡಿದ್ದಳು. ಅಂದಿನಿಂದ ಪ್ರತಿ ವರ್ಷವೂ ಬಿತ್ತಿ, ಬೀಜ ಉಳಿಸಿಕೊಂಡು ಬಂದಿದ್ದಳು.

ಚಂದ್ರ ಮತ್ತೆ ತೋಳಿಗೆ ಬಂದ ಬೆಳಿಗ್ಗೆ ಆ ಬೀಜದ ಜಾಡಿಯನ್ನು ಬೇಲಿಯಾಚೆಗೆ ಚಾಚಿದಳು.

"ಹುಳ ಇಲ್ಲ ತಾನೆ?" ಅಂದಳು ಮೋಜೆಲ್.

"ನಿನ್ನದೇ ಬೀಜ. ಹುಳ ಇದ್ರೆ ಅದೂ ನಿನ್ನದೇ."

ಇಬ್ಬರೂ ಬಗ್ಗಿ ಬಿತ್ತಿದರು. ಡೆನ್ಜಿಲ್ ಕೋಲೂರಿಕೊಂಡು ಬಂದು, ಕಳೆದ ತಿಂಗಳ ಬೋಳು ಸಾಲನ್ನು ನೋಡುತ್ತ ನಿಂತ. ಅಂಗಿಯ ಗುಂಡಿಗಳ ನಡುವೆ ಹೊಸ ಗಾಯದ ಗೆರೆ.

"ಇವತ್ತು ಚಂದ್ರ ಎಲ್ಲಿದ್ದಾನೆ ಮೋಜೆಲ್?"

"ಗೋಡೆ ಮೇಲೆ ನೋಡ್ಕೊ."

"ಅದು ಓಹಾಯೋದ್ದು," ಅಂದ ಅವನು, ನಗದೆ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಸೆಕೆಗಿರಬಹುದು.

(ಅಂದು ಜಗಲಿಯಲ್ಲೇ ಅವನಿಗೆ ಗೊತ್ತಾಗಿತ್ತೇ? ಕೇಳಿದೆ. "ನಿಂಗ್ಯಾಕೆ?" ಅಂದ.)

ಕಥೆ ಮುಗಿಸಲು ಐವಾಳ ಬಾಯಲ್ಲಿ ಒಂದೇ ಒಂದು ಮಾತು ಸಾಕಿತ್ತು. ಬರೆಯಲು ಹೊರಟಿದ್ದೆ ಕೂಡ. ಅವಳು ಮಣ್ಣಿನ ಕೈಯನ್ನೇ ಹಾಳೆಯ ಮೇಲಿಟ್ಟಳು.

"ಆ ಮಾತು ಬರೆದೀಯ, ಜೋಕೆ. ಬೀಜ ಇನ್ನೂ ಮಣ್ಣೊಳಗಿದೆ."

ಬರೆಯಲಿಲ್ಲ. ಓದಿದ ನೀವೂ ಸದ್ಯಕ್ಕೆ ಏನೂ ಹೇಳಬೇಡಿ.