ಕೆಳಗಿನ ಪೈಪು

೨೦೧೮ರ ಸೆಪ್ಟೆಂಬರ್ ೧೨, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ನಾದಿನಿಯ ಮೇಜಿನ ಸುತ್ತ ಇಡೀ ಆಫೀಸು ನೆರೆದಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಗಾಲಿಕುರ್ಚಿ ಹತ್ತುವ ಇಳಿಜಾರು, ಅದಕ್ಕೆ ಅವಳೇ ಹೊಸದಾಗಿ ಕಟ್ಟಿದ ರೇಲಿಂಗ್ ನಕ್ಷೆ: ಮೇಲೊಂದು ಪೈಪು, ಕೆಳಗೊಂದು ಪೈಪು, ನಡುವೆ ಕಂಬಗಳು. ಅವಳು ಮೇಲ್ತುದಿಯಲ್ಲಿದ್ದ ನೀಲಿ ಬಾಣವನ್ನು ಹಿಡಿದು ಎಳೆದಳು. ಮೂರು ಮೀಟರಿನ ರೇಲಿಂಗ್ ಐದಾಯಿತು, ಏಳಾಯಿತು. ಕಂಬಗಳು ತಾವಾಗಿಯೇ ಹುಟ್ಟಿಕೊಂಡವು. ಪಕ್ಕದಲ್ಲಿ ಬರೆದಿದ್ದ ಕೋನ ಮಾತ್ರ ಕದಲಲಿಲ್ಲ. ೪.೭೬ ಡಿಗ್ರಿ.

"ಇನ್ನೊಂದ್ಸಲ ಎಳಿಯಮ್ಮ," ಎಂದರು ಮಾಲೀಕರು, ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ಕಂಡವರಂತೆ.

"ಎಲ್ಲೀವರೆಗೆ ಸಾರ್? ಬೇಕಾದ್ರೆ ಬಸ್ ಸ್ಟ್ಯಾಂಡ್‌ವರೆಗೂ ಎಳೀತೀನಿ."

"ನೀವೇನೋ ಎಳೆದುಬಿಡ್ತೀರಿ. ಅಷ್ಟುದ್ದ ಪೈಪು ಹೊರೋನು ನಾನು," ಎಂದ ವೆಲ್ಡರ್. ಎಲ್ಲರೂ ನಕ್ಕರು.

ಅತ್ತಿಗೆಯೂ ನಕ್ಕಳು. ನಗದಿದ್ದರೆ ಗೊತ್ತಾಗಿಬಿಡುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ನಕ್ಷೆ ಬರೆಯುತ್ತಿದ್ದಳು. ಉದ್ದ ಬದಲಾದಾಗಲೆಲ್ಲ ರೇಲಿಂಗನ್ನು ಮೊದಲಿನಿಂದ ಬರೆಯಬೇಕು, ಒಂದೊಂದಕ್ಕೆ ಮುಕ್ಕಾಲು ಗಂಟೆ. ಬರೆದದ್ದನ್ನೇ ಎಳೆದು ಹಿಗ್ಗಿಸಿದರೆ ಓರೆ ಕೆಡುತ್ತದೆ, ಆದ್ದರಿಂದ ಎಳೆಯಲೇಬಾರದು ಎಂದು ಈ ನಾದಿನಿಗೆ ಹೇಳಿಕೊಟ್ಟವಳೂ ಅವಳೇ. ಮೂರು ವರ್ಷದ ಹಿಂದೆ "ಮನೇಲಿ ಕೂತು ಏನ್ಮಾಡ್ತೀಯ, ಬಾ" ಎಂದು ಗಂಡನ ತಂಗಿಯನ್ನು ಕರೆತಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದಳು. ಅಲ್ಲಿಯವರೆಗೆ ಆಫೀಸಿಗೆಲ್ಲ ಅವಳು ಮೇಡಂ. ನಾದಿನಿ ದಿನಕ್ಕೆ ಇಪ್ಪತ್ತು ಸಲ "ಅತ್ತಿಗೆ, ಅತ್ತಿಗೆ" ಎಂದು ಕೂಗಿ ಕೂಗಿ, ಈಗ ಮಾಲೀಕರ ಬಾಯಲ್ಲೂ ಅವಳು ಅತ್ತಿಗೆಯೇ.

"ಮುಂದಿನ ತಿಂಗಳಿಂದ ನಕ್ಷೆ ವಿಭಾಗಕ್ಕೆ ಒಬ್ಬರು ಮುಖ್ಯಸ್ಥರು ಬೇಕು," ಎಂದರು ಮಾಲೀಕರು. ಕಣ್ಣು ಇನ್ನೂ ಪರದೆಯ ಮೇಲೇ ಇತ್ತು. "ಈ ಆಸ್ಪತ್ರೆಯ ಹನ್ನೊಂದು ಇಳಿಜಾರಿನ ಕೆಲಸ ಮುಗೀಲಿ, ಯಾರು ಅಂತ ಹೇಳ್ತೀನಿ. ಇವಳು ಬರೆದಿರೋ ಹನ್ನೊಂದು ಹಾಳೇನೂ ಅತ್ತಿಗೆ ಒಂದ್ಸಲ ನೋಡಿ ಸಹಿ ಹಾಕಿಬಿಡಲಿ."

ಅತ್ತಿಗೆ ನೋಡಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ನೋಡಿದಳು, ಆದರೆ ಕಲ್ಲು ಸಿಗಲೆಂದೇ. ಹಾಳೆ ಮೇಜಿನ ಮೇಲೆ, ಫೈಲು ಪರದೆಯ ಮೇಲೆ. ಮೊದಲ ಹತ್ತರಲ್ಲಿ ಏನೂ ಸಿಗಲಿಲ್ಲ. ಇಷ್ಟು ಸರಳವಾದದ್ದು ತನಗೇಕೆ ಹೊಳೆಯಲಿಲ್ಲ? ಎಳೆಯುವ ದಿಕ್ಕನ್ನು ಓರೆಯ ಗುಂಟವೇ ಇಟ್ಟರೆ ಕೋನ ಎಲ್ಲಿಗೆ ಹೋದೀತು!

ಹನ್ನೊಂದನೆಯ ಇಳಿಜಾರಿನ ಮೇಲ್ತುದಿ ಬಾಗಿಲಿಗೆ ತಾಗಿಕೊಂಡಿತ್ತು. ಅಲ್ಲಿಂದ ಎಳೆಯಲು ಜಾಗವಿಲ್ಲದೆ ನಾದಿನಿ ಕೆಳತುದಿಯ ಬಾಣ ಹಿಡಿದು ಮುನ್ನೂರು ಮಿಲಿಮೀಟರ್ ಎಳೆದಿದ್ದಳು. ಅತ್ತಿಗೆ ಮೇಲಿನ ಪೈಪಿನ ಕೋನ ಅಳೆದಳು, ೪.೭೬, ಸರಿಯಿತ್ತು. ಕೆಳಗಿನದನ್ನು ಅಳೆದಳು. ಮತ್ತೆ ಅಳೆದಳು. ಕೆಳಬಾಣಕ್ಕೆ ಕೆಳಗಿನ ಪೈಪನ್ನು ಕಟ್ಟುವಾಗ ನಾದಿನಿ ದಿಕ್ಕನ್ನು ಓರೆಗೆ ತಿರುಗಿಸಲು ಮರೆತಿದ್ದಳು. ಮೇಲಿನ ಪೈಪು ಇಳಿಜಾರಿನ ಗುಂಟ ಜಾರಿತ್ತು, ಕೆಳಗಿನದು ಬರಿ ಅಡ್ಡಕ್ಕೆ ಸರಿದಿತ್ತು. ವ್ಯತ್ಯಾಸ ಅರ್ಧ ಡಿಗ್ರಿಗೂ ಕಡಿಮೆ. ಹಾಳೆಯ ಮೇಲೆ ಕಣ್ಣಿಗೆ ಕಾಣದು. ಸರಿಪಡಿಸಲು ಎರಡು ನಿಮಿಷ ಸಾಕು.

ಅವಳು ಮೌಸಿನಿಂದ ಕೈ ತೆಗೆದಳು. ಗಡಿಯಾರ ನೋಡಿದಳು. ಹನ್ನೆರಡೂವರೆ.

"ಅತ್ತಿಗೆ, ಊಟಕ್ಕೆ ಏಳಿ," ಎನ್ನುತ್ತ ನಾದಿನಿ ಇಬ್ಬರ ಡಬ್ಬಿಯನ್ನೂ ಹಿಡಿದು ಬಂದಳು. "ಎಲ್ಲಾ ಸರಿ ಇದ್ಯಾ? ನಿಜ ಹೇಳಿ. ನಿಮ್ಮ ಕಣ್ಣು ತಪ್ಪಿಸೋಕೆ ಸೊಳ್ಳೆಗೂ ಆಗಲ್ಲ ಅಂತಾನೆ ಅಣ್ಣ."

"ನಿಮ್ಮಣ್ಣಂಗೆ ಬೇರೆ ಕೆಲಸ ಇಲ್ಲ," ಎಂದಳು ಅತ್ತಿಗೆ. "ಸರಿ ಇದೆ ಕಣೆ."

'ಪರಿಶೀಲಿಸಿದವರು' ಎಂಬಲ್ಲಿ ಹನ್ನೊಂದು ಸಹಿ ಹಾಕಿದಳು. ಹನ್ನೊಂದನೆಯದು ಉಳಿದ ಹತ್ತಕ್ಕಿಂತ ದುಂಡಗೆ ಬಂತು.

ಅವಳ ಲೆಕ್ಕ ಇಷ್ಟೇ: ವೆಲ್ಡರ್ ಪೈಪು ಕತ್ತರಿಸುವ ಮುಂಚೆ ಹಾಳೆಯ ಮೇಲೆ ಕೋನಮಾಪಕ ಇಟ್ಟು ನೋಡುತ್ತಾನೆ. ತಪ್ಪು ಅವನಿಗೆ ಸಿಗುತ್ತದೆ. ನಾದಿನಿಯ ಮುಖ ಒಂದು ಗಳಿಗೆ ಸಣ್ಣಗಾಗುತ್ತದೆ. ಮಾಲೀಕರಿಗೆ ಅಷ್ಟು ಸಾಕು. ಏನೂ ಹಾಳಾಗುವುದಿಲ್ಲ.

ಗುರುವಾರ ಬೆಳಿಗ್ಗೆ ಕೆಳಗಿನ ಶೆಡ್ಡಿನಿಂದ ಮಾಲೀಕರ ದನಿ ಮೆಟ್ಟಿಲು ಹತ್ತಿ ಬಂತು. ಅತ್ತಿಗೆ, ನಾದಿನಿ ಇಬ್ಬರೂ ಇಳಿದು ಹೋದರು. ಹನ್ನೊಂದನೆಯ ರೇಲಿಂಗ್ ಬೆಸುಗೆ ಮುಗಿಸಿಕೊಂಡು ಗೋಡೆಯ ಪಕ್ಕ ಇಳಿಜಾರಿನದೇ ಓರೆಯ ಹಲಗೆಯ ಮೇಲೆ ಕಂಬ ಊರಿ ನಿಂತಿತ್ತು. ಎರಡು ಪೈಪುಗಳು ಮುನಿಸಿಕೊಂಡ ಗಂಡಹೆಂಡಿರ ಹಾಗೆ ಮೆಲ್ಲಗೆ ದೂರ ದೂರ ಸರಿಯುತ್ತಿದ್ದವು.

"ಅಳೆದು ನೋಡ್ದೆ ಕತ್ತರಿಸಿದ್ಯೇನಯ್ಯ?"

"ಬೇರೆಯವರ ಹಾಳೆ ಆದ್ರೆ ಅಳೀತೀನಿ ಸಾರ್," ಎಂದ ವೆಲ್ಡರ್. "ಅತ್ತಿಗೆಯವರ ಸಹಿ ಇದ್ರೆ ಅಳೆಯಲ್ಲ. ಇವತ್ತಿನವರೆಗೂ ಅಳೆದಿಲ್ಲ."

ನಾದಿನಿಯ ಮುಖ ಬಿಳುಚಿಕೊಂಡಿತ್ತು. ಅವಳು ಮಾಲೀಕರ ಕಡೆ ಒಂದು ಹೆಜ್ಜೆ ಮುಂದೆ ಬಂದಳು.

"ತಪ್ಪು ನಂದು ಸಾರ್. ಹನ್ನೊಂದನೇದು ಇನ್ನೊಂದ್ಸಲ ನೋಡ್ಕೊ ಅಂತ ಅತ್ತಿಗೆ ಹೇಳಿದ್ರು. ನಾನೇ ಮರೆತೆ. ಅವರನ್ನ ಏನೂ ಅನ್ಬೇಡಿ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಮಾಲೀಕರ ಹುಬ್ಬು ಆಗಲೇ ಸಡಿಲವಾಗತೊಡಗಿತ್ತು. ಅತ್ತಿಗೆ ನಾದಿನಿಯ ಬೆನ್ನನ್ನೇ ನೋಡಿದಳು. ಇದರಲ್ಲೂ ಇವಳೇ ಮುಂದೆ! ಇನ್ನು ಮನೆಯಲ್ಲಿ, ಆಫೀಸಿನಲ್ಲಿ, ಸಾಯುವವರೆಗೂ ಇವಳ ಈ ಒಳ್ಳೆಯತನದ ನೆರಳಲ್ಲಿ ಕೂತಿರಬೇಕು. ಅದಕ್ಕಿಂತ ಬೇರೇನಾದರೂ ಆದೀತು ಅನಿಸಿತು.

"ನಾನು ಹಾಗೆ ಹೇಳಿರಲಿಲ್ಲ," ಎಂದಳು. "ನಿನ್ನೆ ಹನ್ನೆರಡೂವರೆಗೇ ತಪ್ಪು ಸಿಕ್ಕಿತ್ತು. ಗೊತ್ತಿದ್ದೇ ಸಹಿ ಹಾಕ್ದೆ."

"ಇದು ತಮಾಷೆ ಮಾಡೋ ಹೊತ್ತಾ ಅತ್ತಿಗೆ?" ಎಂದ ಮಾಲೀಕರಿಗೆ ಅವಳ ಮುಖ ನೋಡಿ ತಮಾಷೆಯಲ್ಲವೆಂದು ಗೊತ್ತಾಯಿತು.

ನಾದಿನಿ ನಿಧಾನವಾಗಿ ತಿರುಗಿದಳು. "ನಾನು ಕೇಳಿದ್ನಲ್ಲ," ಎಂದಳು. "ಡಬ್ಬಿ ಹಿಡ್ಕೊಂಡು ನಿಂತು ಕೇಳಿದ್ನಲ್ಲ ಅತ್ತಿಗೆ." ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿ ಹೋದಳು.

ಮಾಲೀಕರು ಮೆಟ್ಟಿಲ ಕಡೆ ಮುಖ ಮಾಡಿ ಕೂಗಿದರು: "ನಕ್ಷೆ ಸರಿ ಮಾಡಿ ಹೊಸ ಹಾಳೆ ಕಳಿಸಮ್ಮ. ಇನ್ಮೇಲೆ ಎಲ್ಲಾ ಹಾಳೆಗೂ ಸಹಿ ನಿಂದೇ." ಅತ್ತಿಗೆಯ ಕಡೆ ನೋಡದೆ ಅವರೂ ಹತ್ತಿ ಹೋದರು.

ವೆಲ್ಡರ್ ಕತ್ತರಿಸುವ ಯಂತ್ರ ಎತ್ತಿಕೊಂಡ. "ಕೆಳಗಿನ ಪೈಪು ಬಿಚ್ಚಿಬಿಡ್ಲಾ?"

"ಒಂದ್ನಿಮಿಷ ಇರಪ್ಪ."

ಅತ್ತಿಗೆ ಅವನ ಮೇಜಿನಿಂದ ಅಂಕಿ ತೋರಿಸುವ ಕೋನಮಾಪಕವನ್ನು ತೆಗೆದುಕೊಂಡಳು. ಪೈಪಿನ ಮೇಲಿದ್ದ ಲೋಹದ ಪುಡಿಯನ್ನು ಅಂಗೈಯಿಂದ ಒರೆಸಿದಳು. ಪೈಪು ಬೆಸುಗೆಯಿಂದ ಇನ್ನೂ ಬೆಚ್ಚಗಿತ್ತು. ಮಾಪಕವನ್ನು ಅದರ ಮೇಲಿಟ್ಟು ಕೈ ತೆಗೆದಳು. ಅಂಕಿಗಳು ಸ್ವಲ್ಪ ಹೊತ್ತು ಹಿಂದೆ ಮುಂದೆ ತಡವರಿಸಿ ನಿಂತವು.

"ಎಷ್ಟು?" ಎಂದ ವೆಲ್ಡರ್.

೪.೩೩ ಡಿಗ್ರಿ.