ಬೈಯುವ ಅಜ್ಜಿಯ ಆಟ

ಬುಶ್ರಾ ಮತ್ತು ಮೇಘನ ಕೋಲಾರದಲ್ಲಿ ಡಿಪ್ಲೊಮಾ ಓದುವಾಗಿನಿಂದ ಗೆಳತಿಯರು. ಕಂಪ್ಯೂಟರಿಗೆ ಕ್ರಮವಾಗಿ ಆದೇಶ ಕೊಡುವುದನ್ನು ಮಕ್ಕಳಿಗೆ ಕಲಿಸಲು ಇಬ್ಬರೂ ಸೇರಿ ಒಂದು ಮೊಬೈಲ್ ಆಟ ಮಾಡಿದ್ದರು. ಕೋಡ್ ಬುಶ್ರಾಳದು, ಚಿತ್ರಗಳು ಮೇಘನಳವು. ಆಟದಲ್ಲಿ ಒಬ್ಬ ಹುಡುಗಿ ಮೊಪೆಡ್ಡಿನಲ್ಲಿ ಮನೆಮನೆಗೆ ಹಾಲು ಹಾಕುತ್ತಾಳೆ. ಗಾಡಿ ನಿಲ್ಲಿಸು, ಗೇಟು ತೆಗೆ, ಕ್ಯಾನ್ ಇಳಿಸು ಎಂದು ಆಡುವವರು ಅವಳಿಗೆ ಸರಿಯಾದ ಕ್ರಮದಲ್ಲಿ ಹೇಳಬೇಕು. ಕ್ರಮ ತಪ್ಪಿದರೆ ಗಾಡಿ ಗೇಟಿಗೆ ಗುದ್ದಿ ಹಾಲು ಚೆಲ್ಲುತ್ತದೆ. ಕಿಟಕಿಯಿಂದ ಒಬ್ಬ ಅಜ್ಜಿ ತಲೆ ಹೊರಗೆ ಹಾಕಿ ಬೈಯುತ್ತಾಳೆ.

"ತೌಬಾ ತೌಬಾ! ಏಮಿ ಪಿಲ್ಲೇ ನುವ್ವು! ಗೇಟು ತೆಗೀದೇ ನುಗ್ತೀಯಲ್ಲೇ, ಕಣ್ಣು ಮಾಲೂರು ಸ್ಟೇಷನ್ನಲ್ಲಿ ಬಿಟ್ಟು ಬಂದ್ಯಾ?"

ಆ ದನಿ ಬುಶ್ರಾಳ ನಾನಿ, ಅಂದರೆ ಅಮ್ಮನ ಅಮ್ಮ, ಶಹರ್ ಬಾನುವಿನದು. ಮುಳಬಾಗಿಲಿನಲ್ಲಿ ಬಳೆ ಮಾರುವ ಆಕೆಗೆ ಉರ್ದು, ತೆಲುಗು, ಕನ್ನಡ ಮೂರೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು.

ಬೆಂಗಳೂರಿನ ಒಂದು ಸಂಸ್ಥೆ ಆಟವನ್ನು ಜಿಲ್ಲೆಯ ಶಾಲೆಗಳಿಗೆಲ್ಲ ಕೊಡಲು ಮುಂದೆ ಬಂತು. ಅದರ ಪರವಾಗಿ ವೇಣುಗೋಪಾಲ್ ಎಂಬವರು ಕೋಲಾರಕ್ಕೆ ಬಂದು ಇಬ್ಬರನ್ನೂ ಕರೆಸಿದರು.

"ಆಟ ಚೆನ್ನಾಗಿದೆ. ಆದ್ರೆ ಈ ಅಜ್ಜಿ ಬೇಡ. ‘ಪರವಾಗಿಲ್ಲ ಪುಟ್ಟಾ, ಮತ್ತೆ ಪ್ರಯತ್ನಿಸು’ ಅಂತ ಒಂದು ಒಳ್ಳೆ ದನಿ ಹಾಕಿ."

"ಯಾಕೆ ಸರ್?" ಎಂದಳು ಬುಶ್ರಾ.

"ಇದು ಯಾವ ಭಾಷೇನಮ್ಮ? ಅದೂ ಅಲ್ದೆ, ಮಕ್ಕಳ ಕೈಗೆ ಕೊಟ್ಟು ನೋಡಿದ್ವಿ. ಬೈಸಿಕೊಳ್ಳೋಕೇ ಬೇಕಂತ ತಪ್ಪು ಮಾಡ್ತಾರೆ."

"ಮಾಡ್ಲಿ ಸರ್! ಒಂದೊಂದು ತಪ್ಪಿಗೆ ಒಂದೊಂದು ಬೈಗುಳ. ಹೊಸದು ಕೇಳ್ಬೇಕಾದ್ರೆ ಯಾವುದು ಎಲ್ಲಿಟ್ಟರೆ ಏನಾಗುತ್ತೆ ಅಂತ ಮೊದಲೇ ಯೋಚಿಸ್ಬೇಕು. ನಾವು ಕಲಿಸ್ಬೇಕು ಅಂತಿರೋದು ಅದನ್ನೇ ಅಲ್ವಾ?"

"ವಾದ ಬೇಡ. ಅಜ್ಜಿ ಇದ್ರೆ ಒಪ್ಪಂದ ಇಲ್ಲ."

"ಹಂಗಾದ್ರೆ ಬಿಡಿ ಸರ್. ಅಜ್ಜಿ ಇರ್ತಾರೆ," ಎಂದಳು ಬುಶ್ರಾ.

ಹೊರಗೆ ಬಂದ ಮೇಲೆ ಮೇಘನ ಸಿಡಿದಳು. "ಅರ್ಧ ಆಟ ನಂದು ಕಣೇ. ನನ್ನ ಒಂದು ಮಾತು ಕೇಳಿದ್ಯಾ?"

ಬುಶ್ರಾ ತಬ್ಬಿಬ್ಬಾದಳು. "ಕೇಳ್ಬೇಕಿತ್ತು. ಈಗ ಕೇಳ್ತೀನಿ. ನೀನಾಗಿದ್ರೆ ತೆಗೀತಿದ್ಯಾ?"

ಮೇಘನ ಸರಕ್ಕನೆ ತಿರುಗಿ ತನ್ನೂರು ಸುಗಟೂರಿನ ಬಸ್ಸು ಹತ್ತಿದಳು.

ಮನೆಯಲ್ಲಿ ಅವಳು ಸಿಟ್ಟಿನಿಂದಲೇ ಅಜ್ಜಿಯ ದನಿ ತೆಗೆದು, ವೇಣುಗೋಪಾಲರು ಹೇಳಿದ್ದ ಮಾತನ್ನು ತನ್ನ ದನಿಯಲ್ಲೇ ಹೇಳಿ ಸೇರಿಸಿದಳು. ಗಾಡಿ ಗುದ್ದಿತು. ಬಾಯಿ ಅಗಲಕ್ಕೆ ತೆರೆದು, ಹುಬ್ಬು ಗಂಟಿಕ್ಕಿದ ಅಜ್ಜಿ "ಪರವಾಗಿಲ್ಲ ಪುಟ್ಟಾ" ಎಂದಳು. ಮುಖಕ್ಕೂ ಮಾತಿಗೂ ಹೊಂದಲೇ ಇಲ್ಲ. ಮುಖವನ್ನೇ ಬದಲಿಸೋಣವೆಂದು ಕೂತಳು. ತುಟಿ ಮುಚ್ಚಿಸಿದಳು, ನಗು ಬರೆದಳು, ಹುಬ್ಬು ಸಡಿಲಿಸಿದಳು. ಈಗ ಪರದೆಯ ಮೇಲಿದ್ದವಳು ಯಾವ ಊರಿನವಳೂ ಆಗಿರಲಿಲ್ಲ. ಮೇಘನಳಿಗೆ ಅಳು ಬಂದಂತಾಯಿತು.

ಬುಶ್ರಾಗೆ ಫೋನ್ ಮಾಡಿ, "ಆ ಬಾಯಿ ಬರೆದವಳು ನಾನು. ಮುಚ್ಚಿಸಲ್ಲ. ಆದ್ರೆ ಇನ್ನೊಂದ್ಸಲ ನನ್ನ ಕೇಳ್ದೆ ತೀರ್ಮಾನ ಮಾಡಿದ್ರೆ ನಿಂಗೂ ಬೈಗುಳ ಬೀಳುತ್ತೆ," ಎಂದಳು.

ಶಾಲೆಗಳ ಒಪ್ಪಂದ ಬೇರೆ ಯಾರದೋ ಆಟಕ್ಕೆ ಹೋಯಿತು. ಇವರು ತಮ್ಮದನ್ನು ತಾವೇ ಪ್ಲೇ ಸ್ಟೋರಿಗೆ ಹಾಕಿದರು. ಅಜ್ಜಿಗೆ ಸಂಸ್ಕಾರವಿಲ್ಲ ಎಂದು ಕೆಲವರು ಅಲ್ಲಿ ಬರೆದರು. ಗೆಳತಿಯರು ಒಂದಕ್ಷರವನ್ನೂ ಬದಲಿಸಲಿಲ್ಲ.

ಮಳೆಗಾಲ ಮುಗಿಯುವಾಗ ಶ್ರೀನಿವಾಸಪುರದ ಭೀಮರಾಜ್ ಎಂಬ ಮೇಷ್ಟರು ಬುಶ್ರಾಗೆ ಫೋನ್ ಮಾಡಿದರು. "ಶಾಲೆಗೆ ಬೇರೆ ಆಟ ಕೊಟ್ಟಿದಾರೆ, ಆದ್ರೂ ನಮ್ಮ ಕ್ಲಾಸಲ್ಲಿ ನಿಮ್ದೇ ಆಡಿಸ್ತಿದೀನಮ್ಮ. ಮೇಲಿನವರು ಕೇಳಿದ್ರೆ ನಾನು ನೋಡ್ಕೋತೀನಿ. ಹುಡುಗ್ರಿಗೆ ಬೈಗುಳ ಎಲ್ಲಾ ಮುಗಿದೋಗಿದೆ. ಹೊಸವು ಇದ್ರೆ ಕಳಿಸಿ."