ದೇವಕ್ಕ ತುಂಬಿದ ಮಡಿಲು

ಹುಚ್ಚು ಬಿಟ್ಟವರನ್ನೇ ಹುಚ್ಚು ಹಿಡಿದವರ ಪಕ್ಕ ಕೂರಿಸಬೇಕು ಎಂಬುದು ಡಾಕ್ಟರ್ ಪರಾಂಜಪೆ ಬಾಯಿಯ ಹಟ. ಎಂಬತ್ತೇಳರಲ್ಲಿ ಬೈಕುಲ್ಲಾದ ಆಸ್ಪತ್ರೆಯಲ್ಲಿ ಆಕೆ ಈ ತರಬೇತಿ ಶುರುಮಾಡಿದಾಗ ಉಳಿದ ಡಾಕ್ಟರುಗಳು ನಕ್ಕರಂತೆ. ನಗಲಿ ಬಿಡಿ. ಕಿವಿಯೊಳಗೆ ಯಾರೋ ಕೂತು ಮಾತಾಡುವುದು ಎಂದರೇನೆಂದು ಅವರಿಗೇನು ಗೊತ್ತು? ನನಗೆ ಗೊತ್ತಿತ್ತು. ಎರಡು ವರ್ಷ ಒಬ್ಬ ಮುದುಕ ಅಪ್ಪಟ ಮೈಸೂರು ಕನ್ನಡದಲ್ಲಿ ಮೇಷ್ಟರ ಹಾಗೆ ನನ್ನನ್ನು ಗದರುತ್ತಿದ್ದ. ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿ, ಮಾತ್ರೆ ನುಂಗಿ ಅವನನ್ನು ಓಡಿಸಿದ್ದೆ. ಈಗ ಬೀಗದ ಈಚೆ ಕಡೆಯವಳಾಗಿ ಅದೇ ವಾರ್ಡಿಗೆ ಹೋಗಿಬರುತ್ತಿದ್ದೆ.

ಡಾಕ್ಟರ್ ಬಾಯಿ ಹಿಂದಿಯಲ್ಲಿ ಪಾಠ ಹೇಳುತ್ತಿದ್ದರು. ರೋಗಿಗೆ ಕೇಳಿಸುವ ದನಿಯನ್ನು ಸುಳ್ಳು ಎನ್ನಬೇಡಿ, ನಿಜ ಅಂತಲೂ ಎನ್ನಬೇಡಿ, ಅದು ಏನು ಹೇಳುತ್ತದೆ ಎಂದಷ್ಟೇ ಕೇಳಿ. ಅವರಿಂದ ಒಂದು ಗುಟುಕು ಚಹಾ ಕೂಡ ತೆಗೆದುಕೊಳ್ಳಬೇಡಿ. ನಿಮ್ಮ ದನಿ ವಾಪಸು ಬಂದರೆ ಆವತ್ತೇ ನನಗೆ ಹೇಳಿ. ಹೇಳಿದರೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ. ತರಬೇತಿ ಬಿಟ್ಟು ಮತ್ತೆ ಬೀಗದ ಆಚೆ ಕಡೆಗೆ, ಅಷ್ಟೆ. ಫೋರ್ಟಿನ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ತಿರುಮಲೇಶ ಮೊದಲೇ ಹೇಳಿಬಿಟ್ಟಿದ್ದರು. "ಇನ್ನೊಂದ್ಸಲ ಬಂದ್ರೆ ನನ್ ಕೈಲಾಗಲ್ಲ ಕಣೇ ಅಮ್ಮಣ್ಣಿ. ನಿಮ್ಮಣ್ಣನ ಮನೇಲೇ ಇದ್ಬಿಡು." ಕೆಟ್ಟವರಲ್ಲ ಅವರು, ಸುಸ್ತಾಗಿದ್ದರು.

ನನಗೆ ಒಪ್ಪಿಸಿದ್ದು ದೇವಕ್ಕನನ್ನು. ಗುಲ್ಬರ್ಗಾ ಕಡೆಯವಳು, ಕಟ್ಟಡದ ಕೆಲಸದವಳು. ಕಟ್ಟುತ್ತಿದ್ದ ಬಿಲ್ಡಿಂಗಿನ ತುತ್ತತುದಿಯ ಅಂಚಿನಲ್ಲಿ ನಿಂತವಳನ್ನು ಗಂಡ ಸಾಯಬಣ್ಣ ಹಿಂದಿನಿಂದ ತಬ್ಬಿ ಎಳೆದು ಉಳಿಸಿದ್ದ.

"ಕಿವೀಲಿ ಕೇಳಿಸೋ ದನಿ ಏನು ಹೇಳುತ್ತೆ, ದೇವಕ್ಕ?" ಎಂದು ಕೇಳಿದೆ.

"ಮುದುಕಿ ಅದಾಳ್ರಿ ಅಕ್ಕಾರ. ಬೈಯಂಗಿಲ್ಲ. ಮಗಳ ಮಗಳ ಅಂತ ಪ್ರೀತೀಲೆ ಕರೀತಾಳ. ಮ್ಯಾಲ ಬಾ, ಗಾಳಿ ತಂಪ ಐತಿ ಅಂತಾಳ."

ಗದರುವವನನ್ನು ತಿರುಗಿ ಬೈಯಬಹುದು, ಪ್ರೀತಿಯಿಂದ ಕರೆಯುವವಳನ್ನು ಏನು ಮಾಡುವುದು?

ಒಂದು ಶುಕ್ರವಾರ ಮಧ್ಯಾಹ್ನ ನಾನು ಹೊರಡಲು ಎದ್ದಾಗ ದೇವಕ್ಕ ಹಣೆಗೆ ಕುಂಕುಮವಿಟ್ಟುಕೊಂಡು ಎದುರು ನಿಂತಳು. ಕೈಯಲ್ಲಿ ಹೊಸ ರವಿಕೆ ಖಣ, ಅದರ ಮೇಲೆ ಅಕ್ಕಿ, ಅರಿಶಿನದ ಕೊಂಬು, ಕೊಬ್ಬರಿ. ಎಲ್ಲ ಸಾಯಬಣ್ಣನ ಕೈಲಿ ತರಿಸಿದ್ದಳು. "ಸೆರಗ ಒಡ್ರಿ" ಎಂದಳು.

ಮುತ್ತೈದೆಯೊಬ್ಬಳು ಮಡಿಲು ತುಂಬಲು ಬಂದರೆ ಬೇಡ ಎನ್ನುವ ಹೆಂಗಸು ನಮ್ಮಲ್ಲಿ ಯಾರಿದ್ದಾಳೆ? ಬಾಯಿ ಹೇಳಿದ್ದು ನೆನಪಾಗುವ ಮೊದಲೇ ನನ್ನ ಕೈ ಸೆರಗು ಒಡ್ಡಿತ್ತು. ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದು, ಕೈಗೆ ತರಬೇತಿ ಬೇಕೆ? ದೇವಕ್ಕ ಹಿಡಿ ಹಿಡಿಯಾಗಿ ತುಂಬಿದಳು, ಹಣೆಗೆ ಕುಂಕುಮವಿಟ್ಟಳು. ಆದರೆ ಅವಳು ನೋಡುತ್ತಿದ್ದದ್ದು ನನ್ನ ಹೆಗಲಾಚೆ.

"ತಪ್ಪ ತಿಳೀಬ್ಯಾಡ್ರಿ. ನಿಮಗ ತುಂಬಿದ್ದಲ್ಲ, ಆಕೀಗಿ ತುಂಬೀನಿ. ಉಡಿ ತುಂಬಲಾರದ ಆಕಿ ಮನಿ ಬಿಟ್ಟ ಹೋಗಂಗಿಲ್ಲಂತ. ನಿಮ್ಮ ಕೂಡ ಬರ್ತಾಳಂತ್ರಿ."

ಆಸ್ಪತ್ರೆಯ ಗೇಟಿನ ಹೊರಗೆ ಎಲ್ಲವನ್ನೂ ಪಾರಿವಾಳಗಳಿಗೆ ಸುರಿದೆ. ಒಂದೂ ಹತ್ತಿರ ಬರಲಿಲ್ಲ. ದಾದರಿನಲ್ಲಿ ಗಾಡಿ ಬದಲಿಸಿ ಮನೆ ಕಡೆಯ ಮಲಾಡಿನ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಬಾಂದ್ರಾ ದಾಟುವಾಗ ಕಿವಿಯ ಪಕ್ಕದಲ್ಲೇ ಯಾರೋ ಮೆಲ್ಲಗೆ ಹೇಳಿದರು.

"ಬಾಗಲಕ ನಿಂದ್ರು ಮಗಳ. ಗಾಳಿ ತಂಪ ಐತಿ."

ತಿರುಗಿದೆ. ನನ್ನ ಬೆನ್ನಿಗಿದ್ದದ್ದು ಡಬ್ಬಿಯ ಗೋಡೆ. ಹೆದರಿ ಕಂಬವನ್ನು ಅಪ್ಪಿಕೊಂಡೆ. ಮೀನು ಮಾರುವವಳೊಬ್ಬಳು "ಕಾಯ್ ಝಾಲಂ, ತಾಯಿ?" ಎಂದು ಕೇಳಿದಳು. ಏನೂ ಆಗಿಲ್ಲ ಎಂದೆ. ಅದು ನನ್ನ ಹಳೆಯ ಮುದುಕನಾಗಿದ್ದರೆ ಆವತ್ತೇ ಬಾಯಿಗೆ ಹೇಳುತ್ತಿದ್ದೆನೋ ಏನೋ. ಇದು ನನ್ನದೇ ಅಲ್ಲ, ಇದಕ್ಕೆ ನಾನೇಕೆ ಒಳಗೆ ಹೋಗಬೇಕು ಎಂದು ಸಿಟ್ಟು ಬಂತು. ತರಬೇತಿ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡೆ.

ಇತ್ತ ದೇವಕ್ಕ ಹೊಟ್ಟೆತುಂಬ ಉಂಡಳು, ನಿದ್ದೆ ಮಾಡಿದಳು, ಮೈಕೈ ತುಂಬಿಕೊಂಡಳು. ಬಾಯಿ ನನ್ನ ಬೆನ್ನು ತಟ್ಟಿದರು. ಮನೆಗೆ ಹೊರಟ ದಿನ ದೇವಕ್ಕ ನನ್ನನ್ನು ಮೂಲೆಗೆ ಕರೆದಳು. "ಆಕಿ ತ್ರಾಸ ಕೊಡ್ತಾಳೇನ್ರಿ ಅಕ್ಕಾರ? ಖರೇ ಹೇಳ್ರಿ. ಕೊಡ್ತಿದ್ರ ನಾ ವಾಪಸ್ ಕರಕೊಂತೀನಿ." ಸಾಯಬಣ್ಣ ಗಂಟು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ. ಕೊಟ್ಟುಬಿಡು ಎಂದು ಪ್ರಾಣ ಬಡಿದುಕೊಂಡಿತು. "ಇಲ್ಲ ಕಣೆ, ಯಾರೂ ಇಲ್ಲ, ನೀನು ಹೋಗು" ಎಂದೆ. ಅವಳು ನನ್ನ ಕಾಲು ಮುಟ್ಟಿ ಹೋದಳು. ಪಕ್ಕದಲ್ಲಿ ಯಾರೋ ಸಮಾಧಾನದ ಉಸಿರು ಬಿಟ್ಟರು.

ಕಡೆಯ ಪರೀಕ್ಷೆ ಬಂತು. ವಾರ್ಡಿಗೆ ಹೊಸದಾಗಿ ಬಂದ ಕಾಶವ್ವನೆಂಬ ಹುಡುಗಿ ಯಾರೊಡನೆಯೂ ತುಟಿ ಬಿಚ್ಚಿರಲಿಲ್ಲ. ನಾನು ಅವಳನ್ನು ಮಾತಾಡಿಸಬೇಕು, ಬಾಯಿ ಬಾಗಿಲಲ್ಲಿ ನಿಂತು ನೋಡುತ್ತಾರೆ. "ನನಗೆ ಕನ್ನಡ ಬರದಿದ್ದರೇನು, ದನಿ ಕೇಳಿದರೆ ಗೊತ್ತಾಗುತ್ತದೆ" ಎಂದರು.

ಕಾಶವ್ವನ ಮಂಚದ ಪಕ್ಕ ಕೂತೆ. ಕಲಿತದ್ದೆಲ್ಲ ಹಾರಿಹೋಯಿತು. ಏನು ಕೇಳಲಿ, ಹೇಗೆ ಶುರುಮಾಡಲಿ ಎಂದು ಒದ್ದಾಡುತ್ತಿದ್ದೆ.

"ಯಾಕ ಮಗಳ, ಊಟ ಮಾಡಿಲ್ಲೇನು? ಬಾ ಇಲ್ಲೆ, ನನ್ನ ತೊಡೀ ಮ್ಯಾಲ ತಲಿ ಇಡು."

ಹುಡುಗಿ ಬೆಚ್ಚಿ ನನ್ನ ಮುಖ ನೋಡಿದಳು. ಕಣ್ಣು ತುಂಬಿ ಬಂತು. "ನೀವು ನಮ್ಮ ಕಡೇವ್ರೇನ್ರಿ ಆಯಿ?" ಎಂದು ಬಿಕ್ಕುತ್ತ ನನ್ನ ತೊಡೆಯ ಮೇಲೆ ಬಿದ್ದಳು. ಹಿಂದಿನಿಂದ ಬಾಯಿಯವರ ಪಿಸುಮಾತು ಕೇಳಿಸಿತು. "ಶಾಬಾಸ್ ಅಮ್ಮಣ್ಣಿ. ಎಂಥ ದನಿ! ಸೋಮವಾರದಿಂದಲೇ ಕೆಲಸಕ್ಕೆ ಬಾ."

ನಾನು ಬಾಯಿ ಅವರ ಕಡೆ ತಿರುಗಿ ನಿಜ ಹೇಳಬೇಕೆಂದೆ. ಕುತ್ತಿಗೆ ತಿರುಗಲಿಲ್ಲ. ನನ್ನ ಕೈ ಆ ಹುಡುಗಿಯ ತಲೆ ನೇವರಿಸುತ್ತಿತ್ತು, ನಾನು ನೇವರಿಸುತ್ತಿರಲಿಲ್ಲ.

"ದಿನಾ ಬರ್ತೀರೇನ್ರಿ?" ಎಂದಳು ಕಾಶವ್ವ.

"ಬರ್ತೀನಿ ಮಗಳ" ಎಂದಿತು ನನ್ನ ನಾಲಿಗೆ. "ನಾಳಿ ಮಾಳಿಗಿ ಮ್ಯಾಲ ಹೋಗೂಣಂತ."